ಪಾಸ್ಟರ ಹೆಸರಿನ ಹಿಡಿ ಜೋಳ

ಶಹಾಬಾದ, 14 ಜನವರಿ 1934, ರವಿವಾರ

ಇವತ್ತು ಚರ್ಚಿನಲ್ಲಿ ಎಲ್ಲರ ಎದುರಿಗೆ ನಿಂತು ಸುಳ್ಳು ಹೇಳಿದೆ. ಬರೆದಿಟ್ಟರೆ ಎದೆ ಹಗುರಾದೀತು ಅಂತ ಈ ಪುಸ್ತಕ ಹುಡುಕಿ ತೆಗೆದೆ. ಬೀದರಿನ ಬೋರ್ಡಿಂಗಿನಲ್ಲಿ ಓದುವಾಗ ದುಂಡಗಿನ ಅಕ್ಷರಕ್ಕೆ ಬಹುಮಾನವಾಗಿ ಕೊಟ್ಟದ್ದು. ಇಷ್ಟು ವರ್ಷ ಪೆಟ್ಟಿಗೆಯ ತಳದಲ್ಲಿ ಖಾಲಿ ಬಿದ್ದಿತ್ತು.

ಎರಡು ಕೀರ್ತನೆ ಆದವು. ಪಾಸ್ಟರಾದ ಇವರು ಎದ್ದು ಹೋಗಿ ಪೀಠದ ಹತ್ತಿರ ನಿಂತು "ಪ್ರಾರ್ಥನೆ ಮಾಡೋಣ" ಅಂದರು. ಎಲ್ಲರೂ ತಲೆ ಬಗ್ಗಿಸಿದರು. ಆಮೇಲೆ ಏನೂ ಇಲ್ಲ. ಯಾರೋ ಕೆಮ್ಮಿದರು. ಒಂದು ಕೂಸು ಅಳಲು ಶುರುಮಾಡಿ ತಾನೇ ಸುಮ್ಮನಾಯಿತು. ನಾನು ಕಣ್ಣು ತೆರೆದು ನೋಡಿದರೆ ಇವರು ಎರಡೂ ಕೈ ಪೀಠದ ಮೇಲಿಟ್ಟು, ಕಣ್ಣು ಬಿಟ್ಟುಕೊಂಡೇ ನಿಂತಿದ್ದರು. ಮಳೆಗಾಲ ಮುಗಿದಾಗಿನಿಂದ ಇವರ ಪ್ರಾರ್ಥನೆ ವಾರ ವಾರ ಗಿಡ್ಡ ಆಗುತ್ತ ಬಂದದ್ದನ್ನು ನಾನು ನೋಡಿದ್ದೆ. ಪೂರ್ತಿ ನಿಂತೇ ಹೋದೀತು ಅಂದುಕೊಂಡಿರಲಿಲ್ಲ.

ಕೊನೆಗೆ ನಾನೇ ಎದ್ದೆ. "ಪಾಸ್ಟರ ಗಂಟಲ ಕೆಟ್ಟದ. ಮಾತಾಡಬ್ಯಾಡ ಅಂತ ಡಾಕ್ಟರ್ ಹೇಳ್ಯಾರ" ಅಂದೆ. ಯಾವ ಡಾಕ್ಟರೂ ಏನೂ ಹೇಳಿಲ್ಲ. ನಾನೇ ಒಂದು ಸಣ್ಣ ಪ್ರಾರ್ಥನೆ ಹೇಳಿ ಮುಗಿಸಿದೆ.

ಹೊರಗೆ ಹೋಗುವಾಗ ಹೆಂಗಸರು ಎಂದಿನಂತೆ ಬಾಗಿಲ ಬುಟ್ಟಿಗೆ ಜೋಳ ಸುರಿದರು. ನಮ್ಮ ಸಭೆಯ ರೂಢಿ ಇದು. ದಿನಾ ಬೀಸುವ ಕಲ್ಲಿಗೆ ಕೂಡುವ ಮುಂಚೆ ಒಂದು ಹಿಡಿ ಜೋಳ ತೆಗೆದು ಬೇರೆ ಗಡಿಗೆಗೆ ಹಾಕಬೇಕು. ಹಾಕುವಾಗ ಪಾಸ್ಟರ ಹೆಸರು ಹೇಳಿ ಅವರಿಗಾಗಿ ಬೇಡಿಕೊಳ್ಳಬೇಕು. ಹೆಸರು ಹೇಳದೆ ಹಾಕಿದರೆ ಅದು ಬರೀ ಜೋಳ, ಪ್ರಾರ್ಥನೆಯಲ್ಲ ಅನ್ನುತ್ತಾರೆ. ರವಿವಾರ ಅದೆಲ್ಲ ನಮ್ಮ ಮನೆಗೆ ಬರುತ್ತದೆ. ಅದನ್ನೇ ಬೀಸಿ ರೊಟ್ಟಿ ಮಾಡಿ ನಾವು ತಿನ್ನುತ್ತೇವೆ.

ಸಂಜೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಇವರಿಗಲ್ಲ, ನನಗೆ.

17 ಜನವರಿ, ಬುಧವಾರ

ನನ್ನ ಸುಳ್ಳು ಊರೆಲ್ಲ ತಿರುಗಾಡಿ ಔಷಧ ಹೊತ್ತುಕೊಂಡು ಮನೆಗೆ ಬಂತು.

ಮೊದಲು ತಮ್ಮಣ್ಣ ಬಂದ. ಫರಸಿ ಕಲ್ಲಿನ ಖಣಿಯಲ್ಲಿ ಆಳುಗಳ ಮೇಲಿನ ಮುಕಾದಮ, ನಮ್ಮ ಸಭೆಯ ಹಿರಿಯ. ಒಂದು ಶೀಶೆ ಜೇನು ಇಟ್ಟು, ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಹೋದ. ಅವನ ಹಿಂದೆಯೇ ಹೆಂಡತಿ ಚಂದಮ್ಮ ಅರಿಷಿಣದ ಹಾಲು ತಂದು, ಇವರು ಕುಡಿದು ಮುಗಿಸುವ ತನಕ ಎದುರಿಗೇ ಕೂತಳು. ಮಧ್ಯಾಹ್ನ ಟಾಂಗಾದ ಮಶಾಕ. ಹಕೀಮರ ಹತ್ತಿರ ಹೋಗಿ ಕರಿ ಲೇಹ ಮಾಡಿಸಿಕೊಂಡು ಬಂದಿದ್ದ.

"ದಿನಾ ಬಟಾಣಿ ಕಾಳಿನಷ್ಟು ನೆಕ್ಕಬೇಕ್ರಿ. ನಮ್ಮ ದರ್ಗಾದಾಗ ನಾನೂ ದುವಾ ಬೇಡ್ಕೊಂಡೀನಿ. ಐತವಾರ ಟಾಂಗಾ ಹೊರಗ ನಿಲ್ಲಿಸಿ ಕುಂತಾಗ ಪಾಸ್ಟರ್ ಸಾಬರ ಆವಾಜ್ ಕೇಳಸ್ತಿತ್ತು. ಈಗ ಭಾಳ ಬ್ಯಾಸರ ಆಗ್ತದ ನೋಡ್ರಿ."

"ಕಡಿಮಿ ಆಗ್ತದ ಬಿಡು ಮಶಾಕ" ಅಂದೆ. ಅವನ ಮುಖ ನೋಡಲಿಕ್ಕೆ ನನಗೆ ಆಗಲಿಲ್ಲ. ಆವತ್ತು ನಮ್ಮನ್ನು ಸ್ಟೇಶನ್ನಿಗೆ ಒಯ್ದದ್ದು ಅವನದೇ ಟಾಂಗಾ.

ಲೇಹದ ವಾಸನೆ ಮನೆ ತುಂಬ. ಇವರು ಪಾಪ, ಸುಮ್ಮನೆ ನೆಕ್ಕುತ್ತಾರೆ.

28 ಜನವರಿ, ರವಿವಾರ

ಇವತ್ತೂ ನಾನೇ ಓದಿದೆ, ನಾನೇ ಪ್ರಾರ್ಥನೆ ಹೇಳಿದೆ. ಇವರು ಕುರ್ಚಿಯಲ್ಲಿ ಕೂತಿದ್ದರು. ಮನೆಗೆ ಬಂದ ಮೇಲೆ ಕೇಳಿದರು.

"ಗಂಟಲ ಅಂತ ಯಾಕ ಹೇಳಿದಿ?"

"ಮತ್ತೇನು ಹೇಳಬೇಕಿತ್ತು? ನಮ್ಮ ಪಾಸ್ಟರಿಗಿ ದೇವರ ಮ್ಯಾಲ ಸಿಟ್ಟು ಬಂದದ ಅಂತ ಹೇಳಲೇನು?"

"ಸಿಟ್ಟಿಲ್ಲ" ಅಂದರು. "ಸಿಟ್ಟಿದ್ದಿದ್ರ ಮಾತಾಡ್ತಿದ್ದೆ."

ಆಮೇಲೆ ಇಬ್ಬರೂ ಊಟ ಮಾಡಿದೆವು.

ನಡೆದದ್ದನ್ನು ಒಮ್ಮೆ ಬರೆದುಬಿಡುತ್ತೇನೆ, ಮತ್ತೆ ಬರೆಯುವುದಿಲ್ಲ. ಹೋದ ಅಕ್ಟೋಬರಿನಲ್ಲಿ ಊರಿಗೆ ಕಾಲರಾ ಬಂತು. ಇವರು ಖಣಿಯ ಚಾಳಿನಲ್ಲಿ ಮನೆಮನೆಗೆ ಹೋಗಿ ಪ್ರಾರ್ಥನೆ ಮಾಡಿದರು. ಮೂವರು ಬದುಕಿಕೊಂಡರು, ಅವರಲ್ಲಿ ತಮ್ಮಣ್ಣನೂ ಒಬ್ಬ. ನಾಲ್ಕನೆಯದಾಗಿ ನಮ್ಮ ಮಗಳಿಗೇ ಬಂತು. ಆರು ವರ್ಷದವಳು. ಮುಂಜಾನೆಯ ಗಾಡಿಗೆ ಕಲಬುರ್ಗಿಯ ದವಾಖಾನೆಗೆ ಒಯ್ಯಬೇಕಿತ್ತು. ಒಯ್ಯಲಿಲ್ಲ. ಇವರು ಹಾಸಿಗೆಯ ಹತ್ತಿರ ಮೊಣಕಾಲೂರಿ ಕೂತೇ ಇದ್ದರು. ಮಧ್ಯಾಹ್ನ ಹೊರಟೆವು. ಸಂಜೆಯ ಗಾಡಿ ಬರುವ ಮುಂಚೆ ಸ್ಟೇಶನ್ನಿನ ಬೆಂಚಿನ ಮೇಲೆ, ನನ್ನ ತೊಡೆಯಲ್ಲಿ, ಹೋದಳು.

ಗೋರಿ ಚರ್ಚಿನ ಹಿಂದೆ ಇದೆ. ನಮ್ಮ ಅಡುಗೆ ಮನೆಯ ಕಿಟಕಿಯಿಂದ ನೇರ ಕಾಣುತ್ತದೆ. ಆ ಕಿಟಕಿಗೆ ಗೋಣಿಚೀಲ ಕಟ್ಟಿದ್ದೇನೆ. ಹೊಗೆ ಹೊರಗೆ ಹೋಗುವುದಿಲ್ಲ, ರೊಟ್ಟಿ ಬಡಿಯುವಾಗ ಕಣ್ಣು ಉರಿದು ನೀರು ಬರುತ್ತದೆ. ಬರಲಿ.

14 ಫೆಬ್ರವರಿ, ಬುಧವಾರ

ಇವತ್ತಿನಿಂದ ಈಸ್ಟರಿನವರೆಗೆ, ಉಪವಾಸದ ನಲವತ್ತು ದಿನ, ದಿನಾ ಸಂಜೆ ಒಂದೊಂದು ಮನೆಯಲ್ಲಿ ಪ್ರಾರ್ಥನೆ. ಪ್ರತಿ ವರ್ಷ ಮಳೆಬೆಳೆಗಾಗಿ, ಖಣಿಯಲ್ಲಿ ಕಲ್ಲು ಬಿದ್ದು ಯಾರೂ ಸಾಯದಿರಲಿ ಅಂತ ಬೇಡುತ್ತಿದ್ದರು. ಈ ಸಲ ಎಲ್ಲ ಬಿಟ್ಟು ಪಾಸ್ಟರ ಗಂಟಲಿಗಾಗಿ ಅಂತ ಹಿರಿಯರು ಕೂಡಿ ಗೊತ್ತುಮಾಡಿದ್ದಾರೆ.

ಮೊದಲು ತಮ್ಮಣ್ಣನ ಮನೆ. ಕಂದೀಲು ಹಚ್ಚಿ ಚಾಪೆ ಹಾಸಿದ್ದರು. ಇವರು ಗೋಡೆಗೆ ಒರಗಿ ಕೂತಿದ್ದರು, ಮದುವೆಗೆ ಬಂದು ಯಾರೂ ಗುರುತು ಹಿಡಿಯದ ನೆಂಟನ ಹಾಗೆ. ಚಂದಮ್ಮ ಪ್ರಾರ್ಥನೆ ಮಾಡಿದಳು. ಓದು ಬಾರದವಳು, ಮನೆಯಲ್ಲಿ ಜಗಳ ಆಡುವ ದನಿಯಲ್ಲೇ ದೇವರ ಜೊತೆಗೂ ಮಾತಾಡುತ್ತಾಳೆ.

"ತಂದಿ, ನಮ್ಮ ಮಾಣಿಕಪ್ಪ ಪಾಸ್ಟರ ಗಂಟಲ ಬಿಡಸು. ನನ್ನ ಗಂಡ ಸಾಯಾಕತ್ತಾಗ ಬಂದು ಒದರಿ ಒದರಿ ಬೇಡ್ಯಾರ, ನನಗ ಮರ್ತಿಲ್ಲ. ಈಗ ಅವರಿಗಿ ಏನಾಗ್ಯದ ನಿನಗ ಗೊತ್ತದ. ಬೇಕಾದ್ರ ನನ್ನ ಆವಾಜ್ ತಗೊಂಡು ಅವರಿಗಿ ಕೊಡು. ನನಗ ಅದು ಇವನಿಗಿ ಬೈಲಿಕ್ಕಷ್ಟೇ ಬೇಕಾಗ್ತದ."

ಎಲ್ಲರೂ ಆಮೆನ್ ಅಂದರು. ನಾನೂ ಅಂದೆ. ಇಲ್ಲದ ಬೇನೆಗೆ ಊರೆಲ್ಲ ಕೂತು ಬೇಡುತ್ತಿದೆ, ಇರುವ ಬೇನೆಗೆ ಒಬ್ಬರೂ ಇಲ್ಲ. ಅದನ್ನು ಬಚ್ಚಿಟ್ಟವಳು ನಾನೇ. ಯಾರ ಮೇಲೆ ಸಿಟ್ಟು ಮಾಡಲಿ?

26 ಫೆಬ್ರವರಿ, ಸೋಮವಾರ

ಇವರು ದಿನಾ ನಸುಕಿನಲ್ಲಿ ಎದ್ದು ಹೊರಗೆ ಹೋಗುತ್ತಾರೆ. ಖಣಿಯ ಮಂದಿ ಕೆಲಸಕ್ಕೆ ಹೋಗುವ ಹೊತ್ತಿಗೆ ಹಿಂದಿರುಗುತ್ತಾರೆ. ಎಲ್ಲಿಗೆ ಅಂತ ಕೇಳಿಲ್ಲ.

2 ಮಾರ್ಚ್, ಶುಕ್ರವಾರ

ಸೇಡಂ ಕಡೆ ಆಡಕಿಯಿಂದ ಖಣಿಗೆ ಬಂದ ಒಂದು ಮನೆಯಲ್ಲಿ ಎಂಟು ದಿನದ ಕೂಸು ಹೋಯಿತು. ಮಣ್ಣಿಗೆ ಪಾಸ್ಟರನ್ನು ಕರೆಯಲು ಬಂದರು. ಇವರು ಒಳಗಿನಿಂದ ಹೊರಗೆ ಬರಲೇ ಇಲ್ಲ. ನಾನು ಸೆರಗು ಹೊದ್ದು ಹೊರಟೆ. ಹೆಂಗಸು ಮಣ್ಣಿನ ಪ್ರಾರ್ಥನೆ ಮಾಡಬಹುದೋ ಇಲ್ಲವೋ ಗೊತ್ತಿಲ್ಲ. ಕರೆಯಲು ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ನಿಯಮ ಹುಡುಕಲೇ?

ಆ ತಾಯಿಯ ಹತ್ತಿರ ಹರಕು ಸೀರೆಯ ತುಂಡು ಬಿಟ್ಟರೆ ಏನೂ ಇರಲಿಲ್ಲ. ಹೋಗುವಾಗ ನಮ್ಮ ಪೆಟ್ಟಿಗೆಯಿಂದ ಒಂದು ಅಂಗಿ ತೆಗೆದುಕೊಂಡು ಹೋಗಿದ್ದೆ, ಹಳದಿ ಬಣ್ಣದ್ದು, ಆರು ವರ್ಷದವರಿಗೆ ಆಗುವಂಥದು. ಕೂಸಿಗೆ ಅದೇ ಹಾಸಿಗೆ, ಅದೇ ಹೊದಿಕೆ ಆಯಿತು. ಏನು ಪ್ರಾರ್ಥನೆ ಮಾಡಿದೆನೋ ನೆನಪಿಲ್ಲ. ಆ ತಾಯಿ ನನ್ನ ಕೈ ಬಿಡಲಿಲ್ಲ. ಅವಳ ಜೊತೆ ಸಂಜೆಯ ತನಕ ಕೂತು ಬಂದೆ.

ಚರ್ಚಿನ ಹಿಂದೆ ನೆಲ ನೋಡಿಕೊಂಡು ಹೋಗಿ ನೆಲ ನೋಡಿಕೊಂಡೇ ಬಂದೆ. ದಾರಿಯಲ್ಲಿ ತಮ್ಮಣ್ಣ ಕೇಳಿದ, "ಅಮ್ಮನೋರೆ, ನಿಮ್ಮ ಮಗಳ ಗೋರಿಗಿ ಛಲೋ ಫರಸಿ ತಗದು ಇಟ್ಟೀನಿ. ಏನು ಕೆತ್ತಲಿ ಹೇಳ್ರಿ."

"ಆಮ್ಯಾಲ ಹೇಳ್ತೀನಿ" ಅಂದೆ. ಇದು ಮೂರನೆಯ ಸಲ.

11 ಮಾರ್ಚ್, ರವಿವಾರ

ಬೀದರಿನಿಂದ ಮಿಷನ್ನಿನ ಮೇಲ್ವಿಚಾರಕರ ಪತ್ರ ಬಂದಿದೆ. ಈಸ್ಟರ್ ಕಳೆದ ಮುಂದಿನ ರವಿವಾರ ಬರುತ್ತಾರಂತೆ. ಪಾಸ್ಟರ ಆರೋಗ್ಯ ನೋಡಿ ಮುಂದಿನದನ್ನು ಗೊತ್ತುಮಾಡುತ್ತಾರಂತೆ. ಪತ್ರ ಭಾಳ ಮರ್ಯಾದೆಯಿಂದ ಬರೆದಿದ್ದಾರೆ. ಅರ್ಥ ಇಷ್ಟೇ, ಬಾಯಿ ತೆರೆಯದ ಪಾಸ್ಟರನ್ನು ಇಟ್ಟುಕೊಳ್ಳಲು ಬರುವುದಿಲ್ಲ.

ರೊಟ್ಟಿ ತಟ್ಟೆ ಮುಂದಿಟ್ಟು ಕೇಳಿದೆ. "ಒಂದ ದಿನ. ಅವರು ಬಂದಾಗ ಎದ್ದು ನಿಂತು ನಾಕು ಮಾತು ಅನ್ರಿ. ಹತ್ತು ವರ್ಷ ಅಂದ ಮಾತು ಅವ."

"ಬರ್ತಾವ ಮಾತು. ಬಾಯಿಪಾಠ ಆಗ್ಯಾವ" ಅಂದರು. "ಅಷ್ಟು ಮಂದಿ ಕಣ್ಣು ಮುಚ್ಚಿ ಕುಂತಿರ್ತಾರ. ಅವರ ಮುಂದ ನಾಟಕ ಮಾಡು ಅಂತಿಯೇನು?"

"ನಾ ಮಾಡಾಕತ್ತಿಲ್ಲೇನು? ಯಾರಿಗಾಗಿ ಮಾಡಾಕತ್ತೀನಿ?"

ಇವರು ರೊಟ್ಟಿ ಮುರಿಯತೊಡಗಿದರು. ಮನೆ ಮಿಷನ್ನಿನದು. ಕೆಲಸ ಹೋದರೆ ಮನೆ ಹೋಗುತ್ತದೆ. ಎಲ್ಲಿಯಾದರೂ ಇರಬಹುದು, ವಾಡಿಯಲ್ಲಿ ನನ್ನ ಅಣ್ಣ ಇದ್ದಾನೆ, ರೈಲ್ವೆಯಲ್ಲಿ. ಆದರೆ ಆ ಕಿಟಕಿ ಬಿಟ್ಟು ಹೇಗೆ ಹೋಗಲಿ? ನೋಡುವುದಿಲ್ಲ ಅಂತ ಮುಚ್ಚಿಟ್ಟಿದ್ದೇನೆ. ಹಿಂದೆ ಅವಳು ಇದ್ದಾಳೆ ಅಂತ ಗೊತ್ತಿದೆಯಲ್ಲ, ಅದರ ಮೇಲೆಯೇ ದಿನ ತಳ್ಳುತ್ತಿದ್ದೇನೆ.

ಇವರ ಮೇಲೆ ಭಾಳ ಸಿಟ್ಟು ಬಂದಿದೆ.

24 ಮಾರ್ಚ್, ಶನಿವಾರ

ಜನವರಿಯಲ್ಲಿ ಬರೆದದ್ದನ್ನು ಇವತ್ತು ತಿರುವಿ ನೋಡಿದೆ. "ಮುಂಜಾನೆಯ ಗಾಡಿಗೆ ಕಲಬುರ್ಗಿಯ ದವಾಖಾನೆಗೆ ಒಯ್ಯಬೇಕಿತ್ತು. ಒಯ್ಯಲಿಲ್ಲ." ಯಾರು ಒಯ್ಯಲಿಲ್ಲ ಅಂತ ಬರೆದಿಲ್ಲ. ಓದಿದವರು ಇವರೇ ಅಂದುಕೊಳ್ಳಲಿ ಅಂತ ಹಾಗೆ ಬರೆದೆನೇನೋ. ಓದುವವಳು ನಾನೊಬ್ಬಳೇ.

ಆವತ್ತು ನಸುಕಿನಲ್ಲಿ ಇವರು ಮಗಳನ್ನು ಎತ್ತಿಕೊಂಡು ನಿಂತಿದ್ದರು. ಮಶಾಕನ ಟಾಂಗಾ ಬಾಗಿಲಲ್ಲಿತ್ತು. "ನಡಿ, ಗಾಡಿ ಹೊತ್ತಾಯ್ತು" ಅಂದರು. ಅವಳನ್ನು ಇವರ ಕೈಯಿಂದ ಇಸಿದುಕೊಂಡು ತಿರುಗಿ ಹಾಸಿಗೆಯ ಮೇಲೆ ಮಲಗಿಸಿದವಳು ನಾನು. "ಮೂರು ಮಂದಿಗಿ ನಿಮ್ಮ ಪ್ರಾರ್ಥನಿಯಿಂದ ಆರಾಮಾಗ್ಯದ. ಊರ ಮಂದಿಗಿ ಕೇಳೋ ದೇವರು ನಮ್ಮ ಮಗಳಿಗಿ ಕೇಳಂಗಿಲ್ಲೇನು? ಪಾಸ್ಟರ ಮನಿಯವರೇ ದವಾಖಾನಿಗಿ ಓಡಿದ್ರ ಮಂದಿ ಏನಂತಾರ? ಕುಂದ್ರಿ, ಪ್ರಾರ್ಥನಿ ಮಾಡ್ರಿ" ಅಂದೆ. ಇವರು ನನ್ನ ಮುಖ ನೋಡಿದರು. ಮಶಾಕನನ್ನು ಕಳಿಸಿ ಬಂದು ಮೊಣಕಾಲೂರಿದರು.

ಮಂದಿ ಏನಂತಾರೆ ಅಂದೆ. ದೇವರೇ, ಮಂದಿ ಏನಂತಾರೆ ಅಂದೆ.

ಇವರು ಇಷ್ಟು ತಿಂಗಳಲ್ಲಿ ಒಮ್ಮೆಯೂ "ನೀನೇ ಬ್ಯಾಡ ಅಂದಿ" ಅಂತ ಅಂದಿಲ್ಲ. ಅಂದಿದ್ದರೆ ಒಂದು ಜಗಳ ಆಗಿ ಮುಗಿಯುತ್ತಿತ್ತು.

30 ಮಾರ್ಚ್, ಶುಭ ಶುಕ್ರವಾರ

ಇವತ್ತು ನಡೆದದ್ದನ್ನು ಇವತ್ತೇ ಬರೆಯುತ್ತೇನೆ.

ಚರ್ಚು ತುಂಬಿತ್ತು. ಚಿತ್ತಾಪುರದಿಂದಲೂ ಮಂದಿ ಬಂದಿದ್ದರು. ನಾನು ಓದಲು ಎದ್ದಾಗ ಇವರು ಕೈ ಮಾಡಿ ನನ್ನನ್ನು ಕೂಡಿಸಿ, ತಾವೇ ಮುಂದೆ ಹೋಗಿ ನಿಂತರು. ಹೆಂಗಸರಲ್ಲಿ ಯಾರೋ ಸ್ತೋತ್ರ ಅಂದರು. ನಲವತ್ತು ದಿನದ ಪ್ರಾರ್ಥನೆ ಫಲಿಸಿತು ಅಂತ ಎಲ್ಲರ ಮುಖ ಬೆಳಗಿತ್ತು. ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು.

"ನನ್ನ ಗಂಟಲ ಛಲೋ ಅದ" ಅಂದರು. ಮೊದಲಿನ ಹಾಗೇ ತುಂಬಿದ ದನಿ. "ಅದಕ್ಕ ಏನೂ ಆಗಿದ್ದಿಲ್ಲ. ಪ್ರಾರ್ಥನಿ ಮಾಡಲಿಕ್ಕ ನನಗ ಬರವಲ್ದು. ಬಾಯಿ ತೆರದ್ರ ನನ್ನ ಮಗಳ ಹಾಸಿಗಿ ಕಾಣಸ್ತದ. ಅವಳಿಗಿ ಮುಂಜಾನಿ ಗಾಡಿಗಿ ಒಯ್ಯಲಿಲ್ಲ, ನಾನು. ತಪ್ಪು ನಂದು. ನೀವು ನನ್ನ ಹೆಸರೀಲೆ ಹಾಕಿದ ಜೋಳ ಇಷ್ಟು ದಿನ ಸುಮ್ಮನ ತಿಂದೀನಿ. ಮಾಫ್ ಮಾಡ್ರಿ."

ಆಮೇಲೆ ತಮ್ಮಣ್ಣ ಎದ್ದು ನಿಂತ.

"ನಮಗ ಗೊತ್ತಿತ್ತರಿ, ಪಾಸ್ಟರ್ರೆ. ದಿನಾ ನಸುಕಿನಾಗ ಮಗಳ ಗೋರಿ ಹತ್ರ ಕುಂತು ಮಾತಾಡ್ತೀರಿ. ಖಣಿಗಿ ಹೋಗೋ ಹಾದಿ ಅದೇ ಅದ. ನಾವು ಕೇಳಸ್ಕೋತ ಹೋಗ್ತೀವಿ. ಅಮ್ಮನೋರು ಗಂಟಲ ಅಂದ್ರು, ನಾವೂ ಗಂಟಲ ಅಂದ್ವಿ. ಖರೆ ಬ್ಯಾನಿ ಏನದ ಅಂತ ದೇವರಿಗಿ ನಾವು ಹೇಳಿಕೊಡಬೇಕೇನ್ರಿ?"

ಎಲ್ಲರಿಗೂ ಗೊತ್ತಿತ್ತು. ನನ್ನ ಸುಳ್ಳನ್ನು ಕಾಯಲು ಊರೇ ಸುಳ್ಳು ಹೇಳಿತ್ತು.

ಇವರು ತಪ್ಪು ನಂದು ಅಂದದ್ದು ನನ್ನ ಕಿವಿಯಲ್ಲೇ ಇತ್ತು. ಹತ್ತು ವರ್ಷದ ಸಂಸಾರದಲ್ಲಿ ನಾನು ಕಂಡ ಹಾಗೆ ಇವರು ಆಡಿದ ಸುಳ್ಳು ಅದೊಂದೇ. ನಾನು ಎದ್ದೆ.

"ಇವರು ಎತ್ತಿಕೊಂಡು ನಿಂತಿದ್ರು. ಬ್ಯಾಡ ಅಂದಾಕಿ ನಾನು" ಅಂದೆ. ಅಲ್ಲಿಯೇ ಕೆಳಗೆ ಕೂತುಬಿಟ್ಟೆ.

ಚಂದಮ್ಮ ಹೆಂಗಸರನ್ನು ಸರಿಸಿ ಬಂದು ನನ್ನ ಪಕ್ಕ ಕೂತಳು. ಬಿರುಸು ಕೈ ತಲೆಯ ಮೇಲಿಟ್ಟಳು. ಪ್ರಾರ್ಥನೆ ಶುರುಮಾಡಿ ನಡುವೆ ನಿಂತಳು.

"ಅಮ್ಮನೋರೆ, ನಿಮ್ಮ ಹೆಸರೇನ್ರಿ?"

ನಾನು ಮುಖ ಎತ್ತಿ ನೋಡಿದೆ.

"ಹತ್ತು ವರ್ಷ ಆಯ್ತು. ನಾವ್ಯಾರೂ ಕೇಳೇ ಇಲ್ಲ. ಪಾಸ್ಟರಮ್ಮ, ಪಾಸ್ಟರಮ್ಮ ಅಂತ ಅಂದ್ವಿ. ಹೆಸರಿಲ್ದ ಹೆಂಗ ಬೇಡ್ಕೊಳ್ಳಲಿ?"

"ಲಲಿತಾಬಾಯಿ" ಅಂದೆ.

"ತಂದಿ, ಈಕಿ ಲಲ್ತಾಬಾಯಿ" ಅಂದಳು ಚಂದಮ್ಮ. "ಈಕಿ ಮಗಳು ನಿನ್ನ ಹತ್ರ ಅದಾಳ, ಸುಗುಣಿ. ಈಕಿ ಇಲ್ಲೇ ಉಳದಾಳ."

ಅಷ್ಟೇ ಅವಳ ಪ್ರಾರ್ಥನೆ. ಅಕ್ಟೋಬರಿನಿಂದ ತಡೆದದ್ದೆಲ್ಲ ಒಮ್ಮೆಗೇ ಬಂತು. ಚಂದಮ್ಮನ ಸೀರೆ ತೊಯ್ದು ಹೋಯಿತು.

9 ಏಪ್ರಿಲ್, ಸೋಮವಾರ

ಮೇಲ್ವಿಚಾರಕರು ನಿನ್ನೆ ಬಂದು ಇವತ್ತು ಹೋದರು. ಒಳ್ಳೆಯ ಮನುಷ್ಯ. ಇವರ ಕೈ ಹಿಡಿದುಕೊಂಡು ಭಾಳ ಹೊತ್ತು ಕೂತಿದ್ದರು. ಇವರೇ ರಾಜೀನಾಮೆ ಬರೆದುಕೊಟ್ಟರು. ಮೇ ಮೊದಲ ವಾರದೊಳಗೆ ಮನೆ ಬಿಡಬೇಕು.

3 ಮೇ, ಗುರುವಾರ

ವಾಡಿಗೆ ಹೋಗಲಿಲ್ಲ. ತಮ್ಮಣ್ಣ ಖಣಿಯ ಚಾಳಿನಲ್ಲಿ ಒಂದು ಕೋಣೆ ಕೊಡಿಸಿದ. ಇವರಿಗೆ ಅಲ್ಲಿಯೇ ಕಲ್ಲಿನ ಅಳತೆ ಬರೆಯುವ ಕೆಲಸ. ಸಂಜೆ ಬಂದಾಗ ರೆಪ್ಪೆಯ ಮೇಲೆಲ್ಲ ಕಲ್ಲಿನ ಧೂಳು ಇರುತ್ತದೆ. ನೀರು ಕೊಡುತ್ತೇನೆ, ತೊಳೆದುಕೊಳ್ಳುತ್ತಾರೆ. ನಿನ್ನೆ "ನಿನಗ ಇಲ್ಲಿ ಸೆಕಿ ಭಾಳ ಆಗ್ತದ" ಅಂದರು. ಆ ಮಾತಿಗೆ ನನಗೆ ಭಾಳ ಸಮಾಧಾನವಾಯಿತು.

ಸಾಮಾನು ಸಾಗಿಸಿದ ಮೇಲೆ ಹಿಂದೆ ಉಳಿದು ಅಡುಗೆ ಮನೆ ಗುಡಿಸಿದೆ. ಕಿಟಕಿಯ ಗೋಣಿಚೀಲ ಬಿಚ್ಚಿದೆ. ಬೇವಿನ ಗಿಡ, ಅದರ ಕೆಳಗೆ ಅವಳು. ಇವರು ದಿನಾ ಕೂತು ಕೂತು ಒಂದು ಕಡೆ ಹುಲ್ಲು ಬೆಳೆದಿರಲಿಲ್ಲ. ಹೋಗಿ ಅದೇ ಜಾಗದಲ್ಲಿ ಕೂತೆ.

ತಮ್ಮಣ್ಣನಿಗೆ ಹೇಳಿ ಬಂದೆ. ಸುಗುಣ, ಅಷ್ಟೇ ಕೆತ್ತು, ಬೇರೇನೂ ಬೇಡ ಅಂತ.

1 ಜುಲೈ, ರವಿವಾರ

ಹೊಸ ಪಾಸ್ಟರು ಬಂದು ವಾರವಾಯಿತು. ನಾಗೇಂದ್ರಪ್ಪ ಅಂತ ಹೆಸರು. ಇನ್ನೂ ಹುಡುಗು ಮುಖ, ದನಿ ದೊಡ್ಡದು. ಇವರು ಕೊನೆಯ ಸಾಲಿನಲ್ಲಿ ಕೂತಿದ್ದರು. ಎಲ್ಲರೂ ತಲೆ ಬಗ್ಗಿಸಿದಾಗ ಇವರು ಬಗ್ಗಿಸಲಿಲ್ಲ, ಎದ್ದೂ ಹೋಗಲಿಲ್ಲ. ಇವರು ಇನ್ನು ಮೇಲೆ ಎಂದಾದರೂ ಪ್ರಾರ್ಥನೆ ಮಾಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕೇಳುವುದಿಲ್ಲ.

ಚರ್ಚಿನಿಂದ ಬಂದು ಬೀಸುವ ಕಲ್ಲಿಗೆ ಕೂತಾಗ ಒಂದು ಹಿಡಿ ಜೋಳ ತೆಗೆದು ಹೊಸ ಗಡಿಗೆಗೆ ಹಾಕಿದೆ. ಹತ್ತು ವರ್ಷ ಬರೀ ತಿಂದವಳು, ಈ ವಾರ ಹಾಕಲು ಕಲಿತಿದ್ದೇನೆ. ನಾಗೇಂದ್ರಪ್ಪ ಪಾಸ್ಟರ ಹೆಸರು ಹೇಳಿದೆ. ಇವರ ಹೆಸರೂ ಹೇಳಿದೆ, ಈಗ ಪಾಸ್ಟರ್ ಅಲ್ಲದಿದ್ದರೂ.

ಇನ್ನೊಂದು ಹಿಡಿ ಕೈಗೆ ಬಂತು. ಯಾರ ಹೆಸರು ಹೇಳಬೇಕೋ ತಿಳಿಯದೆ ಹಿಡಿದುಕೊಂಡೇ ಕೂತೆ. ಚರ್ಚಿನ ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತಿದ್ದಳಲ್ಲ, ಆ ಪಾಸ್ಟರ ಹೆಂಡತಿ, ಚಿಕ್ಕ ವಯಸ್ಸಿನವಳು, ಬಸುರಿ. ಎಲ್ಲರೂ ಆಗಲೇ ಅವಳನ್ನು ಪಾಸ್ಟರಮ್ಮ ಅನ್ನುತ್ತಿದ್ದಾರೆ. ನಾನೂ ಹಾಗೇ ಅಂದು ಬಂದಿದ್ದೆ.

ಆ ಹಿಡಿಯನ್ನು ಗಡಿಗೆಗೆ ಹಾಕಿಲ್ಲ, ತಿರುಗಿ ಮೊರಕ್ಕೂ ಸುರಿದಿಲ್ಲ. ಸೆರಗಿನ ತುದಿಗೆ ಗಂಟು ಕಟ್ಟಿಕೊಂಡಿದ್ದೇನೆ. ನಾಳೆ ಹೋಗಿ ಅವಳ ಹೆಸರು ಕೇಳಿಕೊಂಡು ಬರುತ್ತೇನೆ.